ಖಾಲಿ ಟ್ರೇಲರ್ ಯಾಕ ಕುಣಿತೈತಿ, ಅದನ್ನ ನಿಲ್ಲಿಸೋದು ಹೆಂಗ?

80 ಚೀಲ ಕಡಲೆ ಹೇರಿಕೊಂಡು ಹೊರಟಾಗ ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಇದೆಯೋ ಇಲ್ಲವೋ ಅನ್ನುವಷ್ಟು ಸುಮ್ಮನೆ ಬರುತ್ತದೆ. ಅಮರಗೋಳದ ಎಪಿಎಂಸಿಯಲ್ಲಿ ಮಾಲು ಇಳಿಸಿ ಅದೇ ದಾರಿಯಲ್ಲಿ ಅಣ್ಣಿಗೇರಿ ಕಡೆ ತಿರುಗಿದಾಗ ನೋಡಬೇಕು. ಧಡಲ್, ಧಡಲ್, ಧಡಲ್. ಹಿಂದಿನ ಬಾಗಿಲು ಬಡಿದುಕೊಳ್ಳುತ್ತದೆ, ಹುಕ್ಕು ಜಗ್ಗುತ್ತದೆ, ಸೀಟಿನ ಮೇಲೆ ಕೂತವನ ನಡು ಹಿಡಿದುಕೊಳ್ಳುತ್ತದೆ. ಊರು ಮುಟ್ಟಿದರೆ ಸಾಕು ಅನ್ನಿಸಿಬಿಡುತ್ತದೆ.

ನಾಲ್ಕು ವರ್ಷದ ಹಿಂದೆ ಫೆಬ್ರುವರಿಯ ಒಂದು ಮಧ್ಯಾಹ್ನ ಹಾಗೆ ಬರುತ್ತಾ ಚಹಾ ಕುಡಿಯಲು ನಿಲ್ಲಿಸಿದೆ. ಇಳಿದವನು ಸುಮ್ಮನೆ ಹಿಂದೆ ಹೋಗಿ ಹುಕ್ಕು ನೋಡಿದೆ. ಟ್ರೇಲರನ್ನು ಟ್ರ್ಯಾಕ್ಟರಿಗೆ ಹಿಡಿದಿಡುವ ಪಿನ್ನು ನಾಲ್ಕು ಬೆರಳು ಮೇಲೆದ್ದಿತ್ತು. ಅದರ ಕೆಳಗಿನ ಲಾಕ್ ಪಿನ್ ಕಳೆದು ಎರಡು ವಾರ ಆಗಿತ್ತು, ಬದಲಿಗೆ ನಾನು ತಂತಿ ಸುತ್ತಿದ್ದೆ. ತಂತಿ ತುಂಡಾಗಿ ಒಂದು ಎಳೆ ಮಾತ್ರ ಜೋತಾಡುತ್ತಿತ್ತು. ಇನ್ನೆರಡು ಬೆರಳು ಎದ್ದಿದ್ದರೆ ಟ್ರೇಲರ್ ಕಳಚಿ ರಸ್ತೆಗೆ ಅಡ್ಡ ಬೀಳುತ್ತಿತ್ತು. ನನ್ನ ಬೆನ್ನಿಗೇ ಒಂದು ಬೈಕು ಬರುತ್ತಿತ್ತು. ಗಂಡ, ಹೆಂಡತಿ, ನಡುವೆ ಒಂದು ಕೂಸು. ಅವರು ನನ್ನನ್ನು ದಾಟಿ ಮುಂದೆ ಹೋದರು. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಆವತ್ತಿನಿಂದ ಈ ಕುಣಿತವನ್ನು ಬರೀ ನಡುನೋವಿನ ವಿಷಯ ಅಂತ ನಾನು ನೋಡಿಲ್ಲ. ನನ್ನ ಟ್ರೇಲರಿನ ಮೇಲೆ ಮಾಡಿ ನೋಡಿದ್ದನ್ನು, ಗ್ಯಾರೇಜಿನವರ ಪಕ್ಕ ಕೂತು ಕಲಿತದ್ದನ್ನು ಕೆಳಗೆ ಬರೆದಿದ್ದೇನೆ. ನೀವೂ ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನ ಕೆಲಸಕ್ಕೆ ದುಡ್ಡು ಬೇಕಿಲ್ಲ, ಒಂದು ಮುಂಜಾನೆ ಬೇಕು.

ಖಾಲಿ ಇದ್ದಾಗಲೇ ಯಾಕೆ

ಟ್ರೇಲರ್ ಮಾಡುವುದೇ ಹೇರಿಗೆ. ಪಾಟಾ (ಆಕ್ಸಲ್ ಹತ್ತಿರ ಎಲೆಎಲೆಯಾಗಿ ಜೋಡಿಸಿದ ಉಕ್ಕಿನ ಸ್ಪ್ರಿಂಗ್) ಎಷ್ಟು ದಪ್ಪ ಇರಬೇಕು, ಟಯರ್ ಎಷ್ಟು ಗಟ್ಟಿ ಇರಬೇಕು ಅನ್ನುವ ಲೆಕ್ಕವೆಲ್ಲ ತುಂಬಿದ ಭಾರಕ್ಕೆ ಹಾಕಿದ್ದು. ಖಾಲಿ ಟ್ರೇಲರ್ 1,300 ಕೆ.ಜಿ. ಅಂದುಕೊಳ್ಳಿ. 50 ಕೆ.ಜಿ.ಯ 80 ಚೀಲ ಹೇರಿದರೆ 4,000 ಸೇರಿ 5,300 ಆಯಿತು, ಸುಮಾರು ನಾಲ್ಕು ಪಟ್ಟು. ಮಾಲು ಇಳಿಸಿದ ಮೇಲೆ ಪಾಟಾನೂ ಅದೇ, ಟಯರೂ ಅದೇ, ಭಾರ ಮಾತ್ರ ಕಾಲು ಭಾಗ. ಸ್ಪ್ರಿಂಗಿನ ಮೇಲಿನ ಭಾರ ಕಾಲು ಭಾಗಕ್ಕಿಳಿದರೆ ಅದು ಮೇಲೆ ಕೆಳಗೆ ಆಡುವ ವೇಗ ಎರಡು ಪಟ್ಟಾಗುತ್ತದೆ. ತುಂಬಿದಾಗ ತೊಟ್ಟಿಲಿನಂತೆ ತೂಗುತ್ತಿದ್ದದ್ದು ಖಾಲಿಯಾದಾಗ ಚೆಂಡಿನಂತೆ ಪುಟಿಯುತ್ತದೆ.

ಇನ್ನೂ ಒಂದಿದೆ. ನಮ್ಮ ಟ್ರೇಲರುಗಳಿಗೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಪುಟಿತವನ್ನು ಹಿಡಿದು ನಿಲ್ಲಿಸುವುದು ಪಾಟಾದ ಎಲೆಗಳು ಒಂದರ ಮೇಲೊಂದು ಉಜ್ಜುವ ಉಜ್ಜಾಟ ಒಂದೇ. ಭಾರ ಇಲ್ಲದಾಗ ಎಲೆಗಳು ಜಾರುವುದೇ ಇಲ್ಲ, ಒಂದೇ ಕಬ್ಬಿಣದ ತುಂಡಿನಂತೆ ಬಿಗಿದು ನಿಲ್ಲುತ್ತವೆ. ಆಗ ಇಡೀ ಟ್ರೇಲರ್ ಬರೀ ಟಯರಿನ ಗಾಳಿಯ ಮೇಲೆ ಜಿಗಿಯುತ್ತದೆ. ಗಾಳಿಗೆ ಪುಟಿಯುವುದು ಗೊತ್ತು, ತಡೆಯುವುದು ಗೊತ್ತಿಲ್ಲ. ಪಾಟಾನೇ ಇಲ್ಲದೆ ಆಕ್ಸಲನ್ನು ನೇರ ಚಾಸಿಗೆ ಬಿಗಿದ ಟ್ರೇಲರುಗಳೂ ನಮ್ಮಲ್ಲಿವೆ. ಅವು ಯಾವಾಗಲೂ ಟಯರಿನ ಮೇಲೇ ಬದುಕುತ್ತವೆ.

ಇದಕ್ಕೆ ನಮ್ಮ ಎರೆ ಮಣ್ಣು ಬೇರೆ ಕೂಡಿಕೊಂಡಿದೆ. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿ ಸುತ್ತಿನ ದಾರಿಗಳು ಯಾಕೆ ಅಲೆಅಲೆಯಾಗಿರುತ್ತವೆ ಅಂತ ಎಂದಾದರೂ ಯೋಚಿಸಿದ್ದೀರಾ? ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುವ ಆ ಮಣ್ಣೇ ಡಾಂಬರಿನ ಕೆಳಗೂ ಇದೆ. ರಸ್ತೆಯ ನಡುಭಾಗ ಮುಚ್ಚಿಕೊಂಡಿರುವುದರಿಂದ ಅಲ್ಲಿನ ತೇವ ಅಷ್ಟು ಬದಲಾಗುವುದಿಲ್ಲ. ಅಂಚಿಗೆ ಮಳೆಯೂ ತಗಲುತ್ತದೆ, ಬಿಸಿಲೂ ತಗಲುತ್ತದೆ. ಅದಕ್ಕೇ ಅಂಚು ಮಳೆಗಾಲದಲ್ಲಿ ಏಳುತ್ತದೆ, ಬೇಸಿಗೆಯಲ್ಲಿ ಇಳಿದು ಉದ್ದಕ್ಕೆ ಸೀಳುತ್ತದೆ. ನಾವು ಕಡಲೆ, ಗೋಧಿ, ಹತ್ತಿ ಸಾಗಿಸಿ ಖಾಲಿ ಬರುವುದು ಹೆಚ್ಚಾಗಿ ಮಣ್ಣು ಒಣಗುವ ಹೊತ್ತಿನಲ್ಲೇ. ದೊಡ್ಡ ಗಾಡಿಗೆ ದಾರಿ ಬಿಡಲು ಎಡಕ್ಕೆ ಸರಿದಾಗಲೆಲ್ಲ ಟ್ರೇಲರಿನ ಎಡಗಾಲಿ ಆ ಇಳಿದ ಅಂಚಿನ ಮೇಲೆ ಓಡುತ್ತದೆ.

ಮೊದಲು ಯಾವ ಕುಣಿತ ಅಂತ ಗುರುತಿಸಿ

ಬಿಚ್ಚುವ ಮೊದಲು ಕೇಳಿ, ನೋಡಿ. ಸಮನಾದ ಒಳ್ಳೆಯ ಡಾಂಬರು ಸಿಕ್ಕಲ್ಲಿ ಖಾಲಿ ಟ್ರೇಲರ್ ಕಟ್ಟಿಕೊಂಡು ಹೋಗಿ. ಪಕ್ಕದಲ್ಲಿ ಇನ್ನೊಬ್ಬರು ಬೈಕಿನ ಮೇಲೆ ಸ್ವಲ್ಪ ದೂರ ಇಟ್ಟುಕೊಂಡು ಬರಲಿ, ಅವರ ಕಣ್ಣು ಟ್ರೇಲರಿನ ಗಾಲಿಯ ಮೇಲಿರಲಿ. 10ರಿಂದ 25 ಕಿ.ಮೀ. ವೇಗದವರೆಗೆ ಸಾವಕಾಶ ಏರಿಸಿ.

ಸಮ ರಸ್ತೆಯಲ್ಲೂ ತಾಳ ಹಾಕಿದಂತೆ ಒಂದೇ ಸಮ ಕುಣಿಯುತ್ತಿದ್ದರೆ, ವೇಗ ಹೆಚ್ಚಿದಂತೆ ತಾಳವೂ ಹೆಚ್ಚಿದರೆ, ದೋಷ ಗಾಲಿಯಲ್ಲಿದೆ. ಟಯರ್ ಗುಂಡಗಿಲ್ಲ, ಡಿಸ್ಕ್ ಬಾಗಿದೆ, ಇಲ್ಲವೇ ಬೇರಿಂಗ್ ಸಡಿಲಾಗಿದೆ. 7.50-16 ಅಳತೆಯ ಟಯರ್ ಒಂದು ಸುತ್ತಿಗೆ ಸುಮಾರು ಎರಡೂವರೆ ಮೀಟರ್ ಸಾಗುತ್ತದೆ. ಅಂದರೆ 25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರಕ್ಕೆ ಸ್ವಲ್ಪ ಕಡಿಮೆ ಸುತ್ತು. ಬೈಕಿನವರು ಹೇಳಿದ ತಾಳ ಈ ಲೆಕ್ಕಕ್ಕೆ ಕೂಡಿದರೆ ಪಾಟಾ ಬಿಚ್ಚಿ ಹಾಕುವ ಅಗತ್ಯವೇ ಇಲ್ಲ.

ಸಮ ರಸ್ತೆಯಲ್ಲಿ ಸುಮ್ಮನಿದ್ದು ತಗ್ಗು ದಿನ್ನೆ ಬಂದಾಗ ಮಾತ್ರ ಜಿಗಿದರೆ ಗಾಳಿ, ಪಾಟಾ, ವೇಗ ಈ ಮೂರರಲ್ಲಿ ಒಂದು. ಜಿಗಿತಕ್ಕಿಂತ ಮುಂದೆ ಹಿಂದೆ ಜಗ್ಗುವುದೇ ಹೆಚ್ಚು, ಗೇರ್ ಬದಲಿಸಿದಾಗಲೂ ಬ್ರೇಕ್ ಒತ್ತಿದಾಗಲೂ ಬೆನ್ನಿಗೆ ಗುದ್ದಿದಂತೆ ಆಗುತ್ತದೆ ಅಂದರೆ ಹುಕ್ಕು ಸವೆದಿದೆ. ಒಂದು ಮಗ್ಗುಲಿಗೆ ಮಾತ್ರ ವಾಲಿ ಜಿಗಿದರೆ ಆ ಕಡೆಯ ಪಾಟಾ ಅಥವಾ ಗಾಳಿ ನೋಡಿ. ಸಾಮಾನ್ಯವಾಗಿ ಎರಡು ಮೂರು ದೋಷ ಕೂಡಿಕೊಂಡೇ ಇರುತ್ತವೆ. ನನ್ನ ಟ್ರೇಲರಿನಲ್ಲಿ ಗಾಳಿಯೂ ಹೆಚ್ಚಿತ್ತು, ಹುಕ್ಕಿನ ಪಿನ್ನು ಕೂರುವ ಕಣ್ಣೂ ಸವೆದಿತ್ತು.

ಗಾಳಿ

ಇಲ್ಲಿಂದಲೇ ಶುರು ಮಾಡಿ. ಪಂಕ್ಚರ್ ಅಂಗಡಿಗೆ ಹೋದರೆ "ಟ್ರೇಲರ್ ಐತಲ್ರೀ, ಗಟ್ಟಿ ಇರ್ಲಿ" ಅಂತ ಟಯರ್ ಕಲ್ಲಾಗುವ ತನಕ ತುಂಬಿಬಿಡುತ್ತಾರೆ. ಗೇಜ್ ಹಚ್ಚುವುದೇ ಇಲ್ಲ, ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಾರೆ. ಟಯರಿನ ಮಗ್ಗುಲಿಗೆ ಬರೆದಿರುವ ಪೌಂಡ್ ಲೆಕ್ಕ, ಆ ಟಯರ್ ಹೊರಬಹುದಾದ ಅತಿ ಹೆಚ್ಚಿನ ಭಾರಕ್ಕೆ ಬೇಕಾದ ಗಾಳಿ. ಆ ಭಾರವನ್ನು ನಾವು ಹೇರದಿದ್ದರೆ ಅಷ್ಟು ಗಾಳಿಯೂ ಬೇಕಿಲ್ಲ.

ನಿಮ್ಮ ಟ್ರೇಲರಿನ ಭಾರ ಎಷ್ಟು ಅಂತ ತಿಳಿಯಲು ಮಾಲು ತೂಗಿಸುವ ಕಾಟಾದಲ್ಲೇ ಕೇಳಿ. ಖಾಲಿ ತೂಕ ಮಾಡಿಸುವಾಗ ಟ್ರ್ಯಾಕ್ಟರನ್ನು ಮುಂದಕ್ಕೆ ಕಾಟಾದಿಂದ ಇಳಿಸಿ ಟ್ರೇಲರಿನ ಗಾಲಿ ಮಾತ್ರ ಮೇಲಿರುವಂತೆ ನಿಲ್ಲಿಸಿದರೆ ಆಕ್ಸಲ್ ಮೇಲಿನ ಭಾರ ಸಿಗುತ್ತದೆ. ತುಂಬಿದಾಗಲೂ ಹಾಗೇ ಒಮ್ಮೆ ತೂಗಿಸಿ. ಎರಡೂ ಚೀಟಿ ಹಿಡಿದುಕೊಂಡು ಟಯರ್ ಮಾರುವವರ ಹತ್ತಿರ ಹೋಗಿ. ಯಾವ ಭಾರಕ್ಕೆ ಎಷ್ಟು ಗಾಳಿ ಅನ್ನುವ ಪಟ್ಟಿಯನ್ನು ಟಯರ್ ಕಂಪನಿಗಳು ಮಾಡಿರುತ್ತವೆ. ಅದರಲ್ಲಿ ನಿಮ್ಮ ಟಯರಿಗೆ ಕೊಟ್ಟ ಅತಿ ಕಡಿಮೆ ಗಾಳಿಗಿಂತ ಕೆಳಗೆ ಯಾವ ಕಾರಣಕ್ಕೂ ಇಳಿಸಬೇಡಿ.

ಈಗ ಸೀಮೆಸುಣ್ಣದ ಪರೀಕ್ಷೆ. ನನಗೆ ಇದರಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಮುಂಜಾನೆ ಟಯರ್ ತಣ್ಣಗಿದ್ದಾಗ ಟಯರಿನ ನೆಲ ಮುಟ್ಟುವ ಮುಖಕ್ಕೆ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ದಪ್ಪನೆ ಗೆರೆ ಎಳೆಯಿರಿ. ಡಾಂಬರಿನ ಮೇಲೆ 30 ಮೀಟರ್ ನೇರ ಎಳೆದುಕೊಂಡು ಹೋಗಿ ಇಳಿದು ನೋಡಿ. ನಾನು ಮೊದಲ ಸಲ ಮಾಡಿದಾಗ ನಡುವೆ ಮೂರು ಬೆರಳಗಲ ಮಾತ್ರ ಸುಣ್ಣ ಅಳಿಸಿತ್ತು, ಎರಡೂ ಕಡೆ ಎಳೆದ ಹಾಗೇ ಬೆಳ್ಳಗೆ ಉಳಿದಿತ್ತು. ಅಂದರೆ ಅಷ್ಟಗಲದ ಟಯರಿನಲ್ಲಿ ನೆಲ ಹಿಡಿದದ್ದು ಮೂರೇ ಬೆರಳು. ಉಬ್ಬಿದ ಟಯರಿನ ಗುರುತು ಅದು. ಐದೈದು ಪೌಂಡ್ ಇಳಿಸಿ ಮತ್ತೆ ಗೆರೆ ಎಳೆದು ನೋಡುತ್ತಾ ಹೋಗಿ. ಸುಣ್ಣ ಹೆಚ್ಚು ಕಡಿಮೆ ಪೂರಾ ಅಳಿಸಿದಾಗ ನಿಲ್ಲಿಸಿ. ಅಂಚು ಮಾತ್ರ ಅಳಿಸಿ ನಡುವೆ ಉಳಿದರೆ ಗಾಳಿ ಕಡಿಮೆಯಾಯಿತು, ಏರಿಸಿ. ಕಂಪನಿ ಪಟ್ಟಿಯ ಕಡಿಮೆ ಅಳತೆ ಅದಕ್ಕಿಂತ ಮೊದಲೇ ಬಂದರೆ ಅಲ್ಲೇ ನಿಲ್ಲಬೇಕು.

ಇಳಿಸಿದ ಗಾಳಿಯಲ್ಲಿ ಮಾಲು ಹೇರಬಾರದು. ಮೆತ್ತನೆಯ ಟಯರಿನ ಮೇಲೆ ಭಾರ ಬಿದ್ದರೆ ಅದರ ಮಗ್ಗುಲು ಮಡಚಿ ಮಡಚಿ ಕಾಯ್ದು ಒಡೆಯುತ್ತದೆ. ಆದ್ದರಿಂದ ದಿನಾ ಹೇರಿಕೊಂಡು ಹೋಗಿ ಖಾಲಿ ಬರುವವರು ಇಳಿಸುವ ಗೊಡವೆಗೇ ಹೋಗಬೇಡಿ. ಹೇರುವ ಭಾರಕ್ಕೆ ಬೇಕಾದಷ್ಟೇ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಅಷ್ಟಕ್ಕೇ ಕುಣಿತ ಎಷ್ಟೋ ಕಡಿಮೆಯಾಗುತ್ತದೆ. ವಾರಗಟ್ಟಲೆ ಖಾಲಿ ಅಥವಾ ಹಗುರ ಮಾಲಿಗೇ ಓಡಿಸುವವರಿಗೆ ಮಾತ್ರ ಇಳಿಸುವುದು ಸರಿ. ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯುವವರು, ಹತ್ತಿ ಅಂಡಗಿ ಹೇರುವವರು ಇದನ್ನು ಗಮನಿಸಿ. ಹೇರು ಮುಗಿಲಿಗೆ ಮುಟ್ಟಿದಂತೆ ಕಂಡರೂ ತೂಕ ಕಡಿಮೆ ಇರುತ್ತದೆ. ಹೇರಿನ ಎತ್ತರ ನೋಡಿ ಗಾಳಿ ತುಂಬಬೇಡಿ, ಕಾಟಾ ಚೀಟಿ ನೋಡಿ ತುಂಬಿ. ಬಿಸಿಲಲ್ಲಿ ಓಡಿದ ಟಯರಿಗೆ ಗೇಜ್ ಹಚ್ಚಿ, ಹೆಚ್ಚಾಯಿತೆಂದು ಬಿಡಬೇಡಿ. ಬಿಸಿಗೆ ಏರಿದ್ದು ತಣಿದಾಗ ತಾನೇ ಇಳಿಯುತ್ತದೆ. ಎಡ ಬಲ ಸಮ ಇರಲಿ. ಸ್ವಂತದ್ದೊಂದು ಗೇಜ್ ಕೊಂಡು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ಹುಕ್ಕು ಮತ್ತು ಪಿನ್ನು

ಪಿನ್ನು ತೆಗೆದು ಕೈಯಲ್ಲಿ ಹಿಡಿದು ಬೆಳಕಿಗೆ ಹಿಡಿಯಿರಿ. ನಡುವೆ ಸೊಂಟದಂತೆ ಸಣ್ಣಗಾಗಿದ್ದರೆ ಅದು ಮುಗಿದ ಪಿನ್ನು. ಟ್ರೇಲರ್ ಮೂಕಿಯ, ಅಂದರೆ ಹುಕ್ಕಿಗೆ ಕಟ್ಟುವ ಮುಂದಿನ ಕಂಬದ, ಕಣ್ಣು ಗುಂಡಗಿರದೆ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಅದೂ ಸವೆದಿದೆ. ಖಾಲಿ ಟ್ರೇಲರ್ ಪ್ರತಿ ಜಿಗಿತಕ್ಕೆ ಈ ಸಂದಿನಲ್ಲಿ ಒಮ್ಮೆ ಎದ್ದು ಒಮ್ಮೆ ಕುಕ್ಕುತ್ತದೆ. ಆ ಪೆಟ್ಟಿಗೆ ಸಂದು ಇನ್ನೂ ದೊಡ್ಡದಾಗುತ್ತದೆ.

ಪಿನ್ನು ಹೊಸದು ಕೊಳ್ಳಿ, ಹಳೆಯದಕ್ಕೆ ವೆಲ್ಡಿಂಗ್ ತುಂಬಿಸಬೇಡಿ. ಕಣ್ಣಿಗೆ ಬುಶ್ (ಒಳಗೆ ಕೂರುವ ಲೋಹದ ಬಳೆ) ಹಾಕಿಸಬಹುದು ಇಲ್ಲವೇ ಕಣ್ಣನ್ನೇ ಬದಲಿಸಬಹುದು. ನನ್ನದಕ್ಕೆ ಬುಶ್ ಹಾಕಿಸಿದೆ, ಜಗ್ಗಾಟ ಅರ್ಧಕ್ಕರ್ಧ ನಿಂತಿತು. ಪಿನ್ನಿನ ಕೆಳಗೆ ಸರಿಯಾದ ಲಾಕ್ ಪಿನ್ ಇರಲೇಬೇಕು. ತಂತಿ, ಮೊಳೆ, ಬೋಲ್ಟಿನ ತುಂಡು ಯಾವುದೂ ಆಗುವುದಿಲ್ಲ. ಎರಡು ಲಾಕ್ ಪಿನ್ ಹೆಚ್ಚಿಗೆ ಕೊಂಡು ಇಟ್ಟುಕೊಳ್ಳಿ. ಇದರ ಜೊತೆಗೆ ಮೂಕಿಯಿಂದ ಟ್ರ್ಯಾಕ್ಟರಿನ ಚಾಸಿಗೆ ಒಂದು ಗಟ್ಟಿ ಸರಪಳಿ ಕಟ್ಟಿ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲ ಮುಟ್ಟದಿರಲಿ. ಹುಕ್ಕು ಕಳಚಿದರೂ ಟ್ರೇಲರ್ ಬೆನ್ನು ಬಿಟ್ಟು ಹೋಗಬಾರದು.

ಎತ್ತರವನ್ನೂ ನೋಡಿ. ಸಮ ನೆಲದಲ್ಲಿ ಕಟ್ಟಿ ನಿಲ್ಲಿಸಿ ಮಗ್ಗುಲಿನಿಂದ ನೋಡಿದರೆ ಟ್ರೇಲರಿನ ತಳ ನೆಲಕ್ಕೆ ಸಮ ಇರಬೇಕು. ಮೂಗು ಮೇಲೆತ್ತಿಕೊಂಡಿದ್ದರೆ ಭಾರ ಹಿಂದಕ್ಕೆ ಸರಿಯುತ್ತದೆ, ಹುಕ್ಕಿನ ಮೇಲಿನ ಒತ್ತು ಕಡಿಮೆಯಾಗಿ ಮೂಕಿ ಎದ್ದೆದ್ದು ಬೀಳುತ್ತದೆ. ಹುಕ್ಕನ್ನು ಒಂದು ತೂತು ಕೆಳಗೆ ಇಳಿಸಿ ಸರಿ ಮಾಡಿ. ಕೆಲವರು ಎತ್ತರ ಹೊಂದಲಿಲ್ಲವೆಂದು ಟ್ರ್ಯಾಕ್ಟರಿನ ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಕಟ್ಟುತ್ತಾರೆ. ದಯವಿಟ್ಟು ಬೇಡ. ಅಷ್ಟು ಎತ್ತರದಿಂದ ಎಳೆದರೆ ಟ್ರ್ಯಾಕ್ಟರಿನ ಮುಂಗಾಲಿ ಎದ್ದು ಹಿಂದಕ್ಕೆ ಮಗುಚುತ್ತದೆ.

ನಾಲ್ಕು ಗಾಲಿಯ ಟ್ರೇಲರಿಗೆ ಮೂಕಿಯ ಮೇಲೆ ಭಾರದ ಮಾತಿಲ್ಲ. ಅದರಲ್ಲಿ ಮುಂದಿನ ಗಾಲಿಗಳನ್ನು ತಿರುಗಿಸುವ ಟರ್ನ್ ಟೇಬಲ್ಲಿಗೆ ಗ್ರೀಸು, ಮೂಕಿಯ ಬುಡದ ಎರಡು ಪಿನ್ನು ನೋಡಿದರೆ ಸಾಕು.

ಪಾಟಾ

ಮಣ್ಣು ಕೆರೆದು, ನೀರು ಹೊಡೆದು ತೊಳೆಯಿರಿ. ಎರೆ ಮಣ್ಣು ಒಣಗಿ ಎಲೆಗಳ ನಡುವೆ ಇಟ್ಟಿಗೆಯಂತೆ ಕೂತಿರುತ್ತದೆ. ತೊಳೆದು ಒಣಗಿದ ಮೇಲೆ ಒಂದೊಂದೇ ಎಲೆ ನೋಡಿ, ಸಣ್ಣ ಸೀಳು ಕಂಡರೆ ಆ ಎಲೆ ಬದಲಿಸಿ. ಮುರಿದ ಎಲೆಗೆ ವೆಲ್ಡಿಂಗ್ ಹಾಕಿಸಬೇಡಿ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಪಾಟಾವನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹತ್ತಿರ ಕೆಂಪು ತುಕ್ಕಿನ ಪುಡಿ ಗೆರೆಯಾಗಿ ಇಳಿದಿದ್ದರೆ ಅಥವಾ ಕಬ್ಬಿಣ ಉಜ್ಜಿ ಹೊಳೆಯುತ್ತಿದ್ದರೆ ಬೋಲ್ಟ್ ಸಡಿಲಾಗಿದೆ ಅಂತ ತಿಳಿಯಿರಿ. ಎದುರೆದುರು ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಹೊಸ ಪಾಟಾ ಹಾಕಿಸಿದ್ದರೆ ಮೊದಲ ಹೇರು ಒಯ್ದು ಬಂದ ಮೇಲೆ ಇನ್ನೊಮ್ಮೆ ಬಿಗಿಯಲೇಬೇಕು, ಎಲೆಗಳು ಕೂತುಕೊಳ್ಳುವಾಗ ಬೋಲ್ಟ್ ಸಡಿಲಾಗುತ್ತದೆ. ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್ಲಿನ ಬುಶ್ಶಿಗೆ ಗ್ರೀಸು ಹೊಡೆಯಿರಿ. ತುಕ್ಕು ಹಿಡಿದು ಅಂಟಿಕೊಂಡ ಎಲೆಗಳಿದ್ದರೆ ಬಿಚ್ಚಿ, ಬ್ರಷ್ ಹಾಕಿ ಉಜ್ಜಿ, ತೆಳ್ಳಗೆ ಗ್ರಾಫೈಟ್ ಗ್ರೀಸು ಸವರಿ ಜೋಡಿಸಿ. ತೆಳ್ಳಗೆ ಸಾಕು. ಎಲೆಗಳ ಉಜ್ಜಾಟವೇ ನಮ್ಮ ಟ್ರೇಲರಿಗೆ ಇರುವ ಒಂದೇ ಲಗಾಮು, ಅದನ್ನು ಪೂರಾ ತೆಗೆಯಬಾರದು.

ಎರಡೂ ಕಡೆಯ ಪಾಟಾದ ಬಿಲ್ಲು ಅಳೆಯಿರಿ. ಈ ಕಣ್ಣಿನಿಂದ ಆ ಕಣ್ಣಿಗೆ ದಾರ ಎಳೆದು ಹಿಡಿದು ನಡುವೆ ದಾರಕ್ಕೂ ಎಲೆಗೂ ಎಷ್ಟು ಸಂದಿದೆ ನೋಡಿ. ಎಡ ಬಲದಲ್ಲಿ ಫರಕು ಕಂಡರೆ ಒಂದು ಕಡೆ ಸೋತಿದೆ, ಟ್ರೇಲರ್ ಆ ಮಗ್ಗುಲಿಗೆ ವಾಲಾಡುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೆಚ್ಚು ಹೇರಬಹುದೆಂದು ಪಾಟಾಕ್ಕೆ ಎರಡು ಎಲೆ ಹೆಚ್ಚಿಗೆ ಸೇರಿಸುವ ರೂಢಿ ನಮ್ಮ ಕಡೆ ಬಹಳ ಇದೆ. ಸೇರಿಸಿದ ಒಂದೊಂದು ಎಲೆಯೂ ಖಾಲಿ ಟ್ರೇಲರನ್ನು ಇನ್ನಷ್ಟು ಬಿರುಸು ಮಾಡುತ್ತದೆ. ಆಕ್ಸಲ್, ಟಯರ್, ಹುಕ್ಕು, ಬ್ರೇಕು ಯಾವುದೂ ಆ ಹೆಚ್ಚಿನ ಹೇರಿಗೆ ಮಾಡಿದ್ದಲ್ಲ. ಭಾರದ ಕೆಲಸ ನಿಜಕ್ಕೂ ಇದ್ದರೆ ಟ್ರೇಲರ್ ಮಾಡುವವರನ್ನೇ ಕೇಳಿ ಹೆಲ್ಪರ್ ಪಾಟಾ ಹಾಕಿಸಿ. ಹೇರಿದಾಗ ಮಾತ್ರ ಅದು ಒತ್ತಿಕೊಳ್ಳುತ್ತದೆ, ಖಾಲಿ ಇದ್ದಾಗ ಸುಮ್ಮನಿರುತ್ತದೆ. ಪಾಟಾ ಇಲ್ಲದ ಟ್ರೇಲರಿಗೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಪಾಟಾ ಕೂರಿಸುವ ಸಾಹಸ ಬೇಡ. ಅದಕ್ಕೆ ಗಾಳಿ, ವೇಗ ಎರಡೇ ಮದ್ದು.

ಗಾಲಿ, ಬೇರಿಂಗ್, ಡಬ್ಬಿ

ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿದಂತೆಯೇ ಇಟ್ಟು ಹ್ಯಾಂಡ್ ಬ್ರೇಕ್ ಹಾಕಿ, ಇನ್ನೊಂದು ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು ಜಾಕ್ ಏರಿಸಿ. ಎರೆ ನೆಲದಲ್ಲಿ ಜಾಕ್ ಹುಗಿಯುತ್ತದೆ, ಕೆಳಗೆ ಅಗಲವಾದ ಹಲಗೆ ಹಾಕಿ. ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈ ಹಾಕಿ. ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಕಟಕಟ ಅಂದರೆ ಬೇರಿಂಗ್ ಸಡಿಲು. ನಟ್ಟನ್ನು ಗಾಲಿ ಸ್ವಲ್ಪ ಬಿಗಿಯುವ ತನಕ ತಿರುಗಿಸಿ, ಸ್ಪ್ಲಿಟ್ ಪಿನ್ನಿನ ತೂತು ಹೊಂದುವಷ್ಟು ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಿ. ಗಾಲಿ ಹಗುರಾಗಿ ತಿರುಗಬೇಕು, ಅಲುಗಾಡಬಾರದು. ತಿರುಗಿಸಿದಾಗ ಗರಗರ ಅಂದರೆ ಬೇರಿಂಗನ್ನೇ ಬದಲಿಸಿ.

ಹಾಗೇ ಗಾಲಿಯ ಹತ್ತಿರ ಒಂದು ಕಡ್ಡಿ ನೆಟ್ಟು ಸಾವಕಾಶ ತಿರುಗಿಸಿ. ಕಡ್ಡಿಗೂ ಟಯರಿಗೂ ನಡುವಿನ ಸಂದು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾದರೆ ಟಯರ್ ಗುಂಡಗಿಲ್ಲ. ಹೇರಿದ ಟ್ರೇಲರನ್ನು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲಿಸಿದರೆ ಹೀಗಾಗುವುದುಂಟು. ಟಯರಿನಲ್ಲಿ ಗುಳ್ಳೆ ಎದ್ದಿದ್ದರೆ ಅದನ್ನು ಆವತ್ತೇ ತೆಗೆಸಿ.

ಟಿಪ್ಪಿಂಗ್ ಟ್ರೇಲರಿನಲ್ಲಿ ಅರ್ಧ ಸದ್ದು ಡಬ್ಬಿಯದು, ಅಂದರೆ ಮಾಲು ಸುರಿಯಲು ಎತ್ತುವ ಪೆಟ್ಟಿಗೆಯದು. ಖಾಲಿ ಡಬ್ಬಿ ಎದ್ದು ಚಾಸಿನ ಮೇಲೆ ಕುಕ್ಕುತ್ತದೆ. ಹಳೆಯ ಟಯರಿನ ದಪ್ಪ ಪಟ್ಟಿ ಕೊಯ್ದು ಡಬ್ಬಿ ಕೂರುವ ಜಾಗಗಳಿಗೆ ಬೋಲ್ಟ್ ಹಾಕಿ ಕೂರಿಸಿ. ಎಲ್ಲ ಕಡೆ ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ಡಬ್ಬಿ ಓರೆಯಾಗುತ್ತದೆ. ಹಿಂದಿನ ಬಾಗಿಲಿನ ಕೊಂಡಿಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿ ಬಿಗಿಯಿರಿ. ಜಿಗಿತಕ್ಕೆ ದೀಪದ ವೈರು ಹರಿಯುತ್ತದೆ, ರಿಫ್ಲೆಕ್ಟರ್ ಉದುರುತ್ತದೆ, ಸಂಜೆ ಹೊರಡುವ ಮೊದಲು ಅದನ್ನೂ ನೋಡಿ.

ಸ್ವಲ್ಪ ಭಾರ ಇರಲಿ

ಎಲ್ಲ ಸರಿಯಿದ್ದೂ ಕುಣಿದರೆ ಭಾರ ಇಡಿ. ಒಳ್ಳೆಯದು ಅಂದರೆ ಬರಿಗೈಲಿ ಬರದಿರುವುದು. ಗೊಬ್ಬರ, ಹಿಂಡಿ, ಸಿಮೆಂಟು, ಅಕ್ಕಪಕ್ಕದವರ ಸಾಮಾನು ಏನಾದರೂ ಹೇರಿಕೊಂಡು ಬನ್ನಿ. ಏನೂ ಇಲ್ಲದಿದ್ದರೆ ಉಸುಕಿನ ಚೀಲ. 50 ಕೆ.ಜಿ.ಯ 8 ಚೀಲ ಅಂದರೆ 400 ಕೆ.ಜಿ., ಅಷ್ಟಕ್ಕೇ ಟ್ರೇಲರಿನ ನಡಿಗೆ ಬದಲಾಗುತ್ತದೆ.

ಎಲ್ಲಿ ಇಡುತ್ತೀರಿ ಅನ್ನುವುದು ಎಷ್ಟು ಇಡುತ್ತೀರಿ ಅನ್ನುವುದಕ್ಕಿಂತ ಮುಖ್ಯ. ಆಕ್ಸಲ್ ಮೇಲೆ, ಅದಕ್ಕಿಂತ ಒಂದು ಗೇಣು ಮುಂದೆ ಇಡಿ. ಎರಡು ಗಾಲಿಯ ಟ್ರೇಲರ್ ತಕ್ಕಡಿಯಿದ್ದಂತೆ. ಹಿಂದೆ ಭಾರ ಇಟ್ಟರೆ ಮುಂದೆ ಮೂಕಿ ಏಳುತ್ತದೆ, ಮೂಕಿ ಎದ್ದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಹಿಡಿತ ಹೋಗುತ್ತದೆ. ಚೀಲಗಳನ್ನು ಹಗ್ಗ ಹಾಕಿ ಬಿಗಿಯಿರಿ. ಬಿಡಿ ಕಲ್ಲು ಬೇಡ, ಅವು ಟ್ರೇಲರಿಗಿಂತ ಹೆಚ್ಚು ಜಿಗಿಯುತ್ತವೆ. ಅರ್ಧ ತುಂಬಿದ ನೀರಿನ ಡ್ರಮ್ಮೂ ಬೇಡ, ಒಳಗೆ ನೀರು ಹೊಯ್ದಾಡಿ ಕುಣಿತಕ್ಕೆ ಕುಣಿತ ಸೇರಿಸುತ್ತದೆ. ಮುಂದಿನ ಸಲ ಮಾಲು ಹೇರುವಾಗ ಚೀಲ ಇಳಿಸುವುದನ್ನು ಮರೆಯಬೇಡಿ.

ಭಾರಕ್ಕೆಂದು ಜನರನ್ನು ಕೂರಿಸಬೇಡಿ. ಭಾರಕ್ಕಲ್ಲದಿದ್ದರೂ ಕೂರಿಸಬೇಡಿ. ಖಾಲಿ ಟ್ರೇಲರ್ ಊರ ಕಡೆ ಹೊರಟಿತು ಅಂದರೆ ಕಳೆ ತೆಗೆದು ಬರುವ ಹೆಣ್ಣುಮಕ್ಕಳು ಕೈ ಮಾಡುತ್ತಾರೆ, ಜಾತ್ರೆಯ ದಿನ ಓಣಿಗೆ ಓಣಿಯೇ ಏರುತ್ತದೆ. ಇಲ್ಲ ಅನ್ನುವುದು ಕಷ್ಟ, ನನಗೆ ಗೊತ್ತು. ಆದರೆ ಈ ಲೆಕ್ಕ ನೋಡಿ. ಟ್ರೇಲರ್ ಹುಕ್ಕನ್ನು ಕೀಲಾಗಿ ಇಟ್ಟುಕೊಂಡು ಏಳುತ್ತದೆ. ಹುಕ್ಕಿನಿಂದ ಆಕ್ಸಲಿಗೆ 3 ಮೀಟರ್, ಹಿಂದಿನ ಬಾಗಿಲಿಗೆ ನಾಲ್ಕೂವರೆ ಮೀಟರ್ ಇದ್ದರೆ, ಆಕ್ಸಲ್ ಹತ್ತಿರ 10 ಸೆಂ.ಮೀ. ಎದ್ದಾಗ ಬಾಗಿಲ ಹತ್ತಿರ 15 ಸೆಂ.ಮೀ. ಏಳುತ್ತದೆ. ಕಾಲು ಇಳಿಬಿಟ್ಟುಕೊಂಡು ಹುಡುಗರು ಕೂರುವುದು ಸರಿಯಾಗಿ ಅಲ್ಲೇ. ಸರಕಿನ ಗಾಡಿಯಲ್ಲಿ ಜನರನ್ನು ಒಯ್ಯುವುದು ಕಾನೂನಿಗೂ ವಿರುದ್ಧ. ನಾನು ಈಗ, "ಯಕ್ಕಾ, ಬುತ್ತಿಗಂಟು, ಕುರ್ಪಿ ಟ್ರೇಲರಿನ್ಯಾಗ ಇಡ್ರಿ, ನೀವು ಬಸ್ಸಿಗೆ ಬರ್ರಿ" ಅನ್ನುತ್ತೇನೆ. ಮೊದಮೊದಲು ಮುಖ ಗಂಟು ಹಾಕಿಕೊಂಡರು. ಈಗ ಅವರೇ ಗಂಟು ಇಟ್ಟು ಸ್ಟ್ಯಾಂಡಿನ ಕಡೆ ಹೋಗುತ್ತಾರೆ.

ಓಡಿಸುವಾಗ

ಖಾಲಿ ಇದೆಯಲ್ಲ ಅಂತ ಎಲ್ಲರೂ ಜೋರು ಹೊಡೆಯುತ್ತಾರೆ. ಮಾಡಬೇಕಾದದ್ದು ಅದರ ಉಲ್ಟಾ. ಕೆಟ್ಟ ದಾರಿಯಲ್ಲಿ ಖಾಲಿ ಟ್ರೇಲರನ್ನು ತುಂಬಿದ ಟ್ರೇಲರಿಗಿಂತ ಸಾವಕಾಶ ಒಯ್ಯಬೇಕು. ರಸ್ತೆಯ ಅಲೆಗಳು 3 ಮೀಟರಿಗೊಂದು ಇವೆ ಅಂದುಕೊಳ್ಳಿ. 25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತವೆ, 15ರಲ್ಲಿ ಒಂದೂವರೆಗಿಂತ ಕಡಿಮೆ. ಪೆಟ್ಟಿನ ತಾಳವೂ ಟ್ರೇಲರ್ ಪುಟಿಯುವ ತಾಳವೂ ಕೂಡಿಕೊಂಡಾಗ ಕುಣಿತ ಒಂದಕ್ಕೆ ಎರಡಾಗಿ ಏರುತ್ತದೆ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಒದ್ದಂತೆ. ಅದಕ್ಕೇ ಕುಣಿತ ಶುರುವಾದ ಕೂಡಲೇ ಐದು ಕಿ.ಮೀ. ಇಳಿಸಿ, ತಾಳ ತಪ್ಪುತ್ತದೆ. ವೇಗ ಏರಿಸಿ ತಪ್ಪಿಸಲು ಹೋಗಬೇಡಿ. 15ಕ್ಕೆ ಹೋಲಿಸಿದರೆ 25ರಲ್ಲಿ ಬೀಳುವ ಪೆಟ್ಟಿನ ಬಲ ಮೂರು ಪಟ್ಟಿಗೆ ಹತ್ತಿರ.

ರಸ್ತೆಯ ಅಳತೆಗಳನ್ನು ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟಲು ಮಾಡಿದ್ದು. ಊರ ಬಾಗಿಲಿಗೆ ಹಾಕಿರುವ ಎಷ್ಟೋ ಹಂಪ್‌ಗಳು ಅಡ್ಡ ಕೆಡವಿದ ತೊಲೆಯಂತಿವೆ. ಹಂಪಿಗೆ ಮೊದಲೇ ಬ್ರೇಕ್ ಒತ್ತಿ ವೇಗ ಇಳಿಸಿ, ಗಾಲಿ ಏರುವಾಗ ಬ್ರೇಕಿನಿಂದ ಕಾಲು ತೆಗೆದಿರಬೇಕು. ನಾವೆಲ್ಲ ಮಾಡುವ ತಪ್ಪು ಅದರ ಮುಂದಿನದು. ಟ್ರ್ಯಾಕ್ಟರಿನ ಹಿಂಗಾಲಿ ದಾಟಿತು ಅನ್ನುತ್ತಲೇ ರೇಸ್ ಕೊಡುತ್ತೇವೆ, ಟ್ರೇಲರ್ ಇನ್ನೂ ಹಂಪಿಗೆ ಬಂದೇ ಇರುವುದಿಲ್ಲ. ಅದು ಏರುವ ಹೊತ್ತಿಗೆ ವೇಗ ಕೂಡಿರುತ್ತದೆ, ಟ್ರೇಲರ್ ಹಾರುತ್ತದೆ. ಬಾಯಲ್ಲೇ ಎಣಿಸಿ. ಮುಂದಿನದು, ಹಿಂದಿನದು, ಟ್ರೇಲರ್. ಮೂರೂ ಇಳಿದ ಮೇಲೆ ರೇಸ್. ರಸ್ತೆಗೆ ಅಡ್ಡ ಕಾಲುವೆ, ತಗ್ಗು ಬಂದರೆ ನೇರ ದಾಟಿ, ಓರೆಯಾಗಿ ದಾಟಿದರೆ ಒಂದು ಗಾಲಿ ಇಳಿದು ಒಂದು ಏರಿ ಖಾಲಿ ಟ್ರೇಲರ್ ಮಗ್ಗುಲಾಗುತ್ತದೆ.

ರಸ್ತೆಗೆ ಬರುವ ಮೊದಲು ಟ್ರ್ಯಾಕ್ಟರಿನ ಎಡ ಬಲ ಎರಡೂ ಬ್ರೇಕ್ ಪೆಡಲ್ಲುಗಳ ಚಿಲಕ ಕೂಡಿಸಿ. ಹೊಲದಲ್ಲಿ ತಿರುವಿಗೆ ಬಿಡಿಸಿದ್ದು ಹಾಗೇ ಉಳಿದಿರುತ್ತದೆ. ಕುಣಿತದ ನಡುವೆ ಕಾಲು ಒಂದೇ ಪೆಡಲ್ ಮೇಲೆ ಬಿದ್ದರೆ ಟ್ರ್ಯಾಕ್ಟರ್ ಒಂದೇ ಕಡೆ ತಿರುಗುತ್ತದೆ, ಜಿಗಿಯುತ್ತಿರುವ ಟ್ರೇಲರ್ ಹಿಂದಿನಿಂದ ದೂಕುತ್ತದೆ. ಇಳುಕಲಿನಲ್ಲಿ ನ್ಯೂಟ್ರಲ್ ಹಾಕಿ ಬಿಡಬೇಡಿ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಎಲ್ಲ ರಿಪೇರಿ ಮುಗಿಸಿ ಮೊದಲ ಸಲ ಹೊರಟಾಗ ಐದು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಇಳಿಯಿರಿ. ಹಿಂದೆ ಹೋಗಿ ಲಾಕ್ ಪಿನ್ ಮುಟ್ಟಿ ನೋಡಿ, ಬರೀ ಕಣ್ಣಲ್ಲಿ ನೋಡಿದರೆ ಸಾಲದು. ಆಮೇಲೆ ಎರಡೂ ಹಬ್ಬಿನ ಹತ್ತಿರ ಅಂಗೈ ಒಯ್ಯಿರಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಕಾಯ್ದಿದ್ದರೆ ಬೇರಿಂಗಿನ ನಟ್ಟು ಹೆಚ್ಚು ಬಿಗಿಯಾಗಿರಬಹುದು. ಅಲ್ಲೇ ನೆರಳಿಗೆ ನಿಲ್ಲಿಸಿ, ತಣಿಯಲು ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ನಟ್ಟು ಒಂದು ತೂತಿನಷ್ಟು ಸಡಿಲಿಸಿ ಮುಂದೆ ಹೊರಡಿ.